ಆರು ಗಂಟೆ ಅಳೆಯದೆ ಹೋದ ಮೂತ್ರ: ದಿಢೀರ್ ಕಿಡ್ನಿ ಕುಸಿತದ ಒಂದು ಪ್ರಕರಣ ಅಧ್ಯಯನ

ಇದು ನರ್ಸಿಂಗ್ ಕಲಿಕೆಗೆಂದು ಹೊಂದಿಸಿದ ಪ್ರಕರಣ. ಕಲ್ಯಾಣ ಕರ್ನಾಟಕದ ಬೇಸಿಗೆಯಲ್ಲಿ ಮೆಡಿಸಿನ್ ವಾರ್ಡಿಗೆ ಬರುವ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬ ರೋಗಿಯ ಸುತ್ತ ಕೂಡಿಸಿದೆ. ಊರು, ಆಸ್ಪತ್ರೆ, ಹೆಸರು ಯಾವುದೂ ಇಲ್ಲಿಲ್ಲ. ಲೆಕ್ಕಗಳೆಲ್ಲ ಒಂದಕ್ಕೊಂದು ತಾಳೆಯಾಗುವಂತಿವೆ, ಓದುವಾಗ ಕೂಡಿ ಕಳೆದು ನೋಡಬಹುದು.

ರೋಗಿ 58 ವರ್ಷದ ಕೃಷಿ ಕೂಲಿ ಕಾರ್ಮಿಕರು. ಶುಗರ್ ಬಂದು ಒಂಬತ್ತು ವರ್ಷ, ಬಿಪಿಯೂ ಇದೆ. ದಿನಕ್ಕೆರಡು ಸಲ ಮೆಟ್‌ಫಾರ್ಮಿನ್ 500 ಮಿ.ಗ್ರಾಂ, ಬೆಳಿಗ್ಗೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮತ್ತು ಹೈಡ್ರೋಕ್ಲೋರೋಥಯಜೈಡ್ 12.5 ಮಿ.ಗ್ರಾಂ ಸೇರಿದ ಒಂದು ಗುಳಿಗೆ. ಮೇ ತಿಂಗಳ ಬಿಸಿಲಲ್ಲಿ ಹೊಲದ ಕೆಲಸ ಮಾಡಿ ಬಂದ ಮೇಲೆ ಎರಡು ದಿನ ವಾಂತಿ ಭೇದಿ, ದಿನಕ್ಕೆ ಎಂಟು ಹತ್ತು ಸಲ. ಮೂರನೆಯ ದಿನ ಬೆಳಿಗ್ಗೆ 10 ಗಂಟೆಗೆ ಹೆಂಡತಿ ಮತ್ತು ಮಗ ಅವರನ್ನು ಜಿಲ್ಲಾ ಮಟ್ಟದ ಆಸ್ಪತ್ರೆಗೆ ಕರೆತಂದರು.

ದಾಖಲಾದಾಗ ಕೇಳಿದ್ದು, ಕಂಡದ್ದು

ಭೇದಿ ಎಷ್ಟು ಸಲ ಆಯಿತು ಎಂದು ಎಲ್ಲರೂ ಕೇಳುತ್ತಾರೆ. ಕೊನೆಯ ಸಲ ಮೂತ್ರ ಯಾವಾಗ ಆಯಿತು, ಎಷ್ಟು, ಯಾವ ಬಣ್ಣ ಎಂಬುದನ್ನು ಕೇಳದೆ ಬಿಡುವುದೇ ಹೆಚ್ಚು. ಇಲ್ಲಿ ಬೆಳಗಿನ ಪಾಳಿಯ ನರ್ಸಿಂಗ್ ಆಫೀಸರ್ ಅದನ್ನು ಕೇಳಿದರು. ‘ನಿನ್ನಿ ಸಂಜಿಗೆ ಒಂದೀಟು ಆಗಿತ್ರೀ ಸಿಸ್ಟರ್, ಚಾದ ಬಣ್ಣ ಇತ್ತು. ಆಮ್ಯಾಲೆ ಆಗವಲ್ದು’ ಎಂದರು ರೋಗಿ. ಅಂದರೆ ಹದಿನಾರು ಗಂಟೆಯಿಂದ ಮೂತ್ರವಿಲ್ಲ.

ನೋವಿನ ಗುಳಿಗೆ ತಗೊಂಡಿದ್ದೀರಾ ಎಂಬ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂತು. ಅದೇ ಪ್ರಶ್ನೆಯನ್ನು ಬೇರೆ ರೀತಿ ಕೇಳಿದಾಗ ವಿಷಯ ಹೊರಬಂತು: ‘ಮೈಕೈ ನೋವಿಗೆ ಸೂಜಿ ಮಾಡಿಸ್ಕೊಂಡ್ರೇನ್ರಿ ಯಜಮಾನ್ರ?’ ಹೌದು, ಊರಲ್ಲಿ ಒಂದು ಸೂಜಿ ಆಗಿತ್ತು. ಹೆಂಡತಿಯ ಪ್ಲಾಸ್ಟಿಕ್ ಚೀಲ ಬಿಚ್ಚಿಸಿದಾಗ ಬಿಪಿ, ಶುಗರ್ ಪಟ್ಟಿಗಳ ಜೊತೆಗೆ ಅಂಗಡಿಯವರು ಕತ್ತರಿಸಿ ಕೊಟ್ಟ ತುಂಡುಪಟ್ಟಿಯೊಂದು ಸಿಕ್ಕಿತು. ಎರಡು ಗುಳಿಗೆ ಉಳಿದಿದ್ದವು, ನಾಲ್ಕು ಗುಂಡಿಗಳು ಖಾಲಿ. ಹಿಂಬದಿಯ ಹಾಳೆಯಲ್ಲಿ ಹೆಸರಿನ ಅರ್ಧ ಮಾತ್ರ ಇತ್ತು. ಫಾರ್ಮಸಿಗೆ ಒಯ್ದು ತಾಳೆ ನೋಡಿದರೆ ಡೈಕ್ಲೋಫೆನಾಕ್ 50 ಮಿ.ಗ್ರಾಂ. ಬಿಪಿ ಗುಳಿಗೆಯನ್ನು ಆ ದಿನ ಬೆಳಿಗ್ಗೆಯೂ ತಪ್ಪದೆ ನುಂಗಿದ್ದರು. ಗುಳಿಗೆಯ ಚೀಲವನ್ನು ಕಣ್ಣಾರೆ ನೋಡುವುದು ಕಿಡ್ನಿ ತಪಾಸಣೆಯ ಭಾಗವೇ ಹೌದು. ಬಾಯಿಮಾತಿನ ಪಟ್ಟಿಯನ್ನು ಬರೆದುಕೊಂಡು ಮುಗಿಸಬಾರದು.

ಡೈಕ್ಲೋಫೆನಾಕ್, ಟೆಲ್ಮಿಸಾರ್ಟನ್, ಥಯಜೈಡ್ ಈ ಮೂರು ಔಷಧಿಗಳು ಒಟ್ಟಾದರೆ ಏಕೆ ಅಪಾಯ ಎಂಬುದನ್ನು ನರ್ಸ್ ಅರಿತಿರಬೇಕು. ಹೃದಯ ಹೊರದೂಡುವ ರಕ್ತದಲ್ಲಿ ಐದರಲ್ಲೊಂದು ಭಾಗ, ಕೆಲವೊಮ್ಮೆ ಕಾಲು ಭಾಗ, ಕಿಡ್ನಿಗಳಿಗೇ ಹೋಗುತ್ತದೆ. ಅಲ್ಲಿನ ಸೋಸುಗುಚ್ಛಗಳಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಕಿಡ್ನಿಯೊಳಗಿನ ಸಣ್ಣ ನಾಳಗಳಲ್ಲಿ ಮರಳಿ ಹೀರಿ, ಒಂದೆರಡು ಲೀಟರ್ ಮೂತ್ರವಾಗಿ ಉಳಿಯುತ್ತದೆ. ಸೋಸುಗುಚ್ಛಕ್ಕೆ ಒಳಬರುವ ಒಂದು ಕಿರುಧಮನಿ, ಹೊರಹೋಗುವ ಒಂದು ಕಿರುಧಮನಿ. ಕಾಲುವೆಯ ಮೇಲ್ತೂಬು ಕೆಳತೂಬುಗಳ ಹಾಗೆ ಇವೆರಡರ ಹಿಗ್ಗು ಕುಗ್ಗುಗಳಿಂದ ಒಳಗಿನ ಒತ್ತಡ ನಿಲ್ಲುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಪ್ರೋಸ್ಟಾಗ್ಲಾಂಡಿನ್‌ಗಳೆಂಬ ದೇಹದ ರಾಸಾಯನಿಕಗಳು ಒಳಬಾಗಿಲನ್ನು ಅಗಲಿಸುತ್ತವೆ, ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನು ಹೊರಬಾಗಿಲನ್ನು ಬಿಗಿ ಮಾಡುತ್ತದೆ. ಡೈಕ್ಲೋಫೆನಾಕ್ ಮೊದಲನೆಯದನ್ನು ತಡೆಯುತ್ತದೆ. ಟೆಲ್ಮಿಸಾರ್ಟನ್ ಎರಡನೆಯದನ್ನು ತಡೆಯುತ್ತದೆ. ಥಯಜೈಡ್ ಇದ್ದ ನೀರನ್ನೂ ಹೊರಹಾಕುತ್ತದೆ. ಮೇಲೆ ಭೇದಿ. ಕಿಡ್ನಿಗೆ ತನ್ನನ್ನು ಕಾಪಾಡಿಕೊಳ್ಳಲು ಯಾವ ದಾರಿಯೂ ಉಳಿಯಲಿಲ್ಲ.

ಮಲಗಿದಾಗ ಬಿಪಿ 98/60, ಎದ್ದು ಕೂತ ಒಂದು ನಿಮಿಷಕ್ಕೆ 76/48, ತಲೆ ಸುತ್ತಿತು. ಹೀಗಾಗಿ ನಿಲ್ಲಿಸಿ ನೋಡಲಿಲ್ಲ. ನಾಡಿ 112, ಉಸಿರು 24, ಬೆರಳ ಶುಗರ್ 212. ನಾಲಿಗೆಯೂ ಕಂಕುಳೂ ಒಣಗಿದ್ದವು. ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 4 ಸೆಕೆಂಡು ಹಿಡಿಯಿತು. ಕಾಲು ಬಾವಿಲ್ಲ, ಶ್ವಾಸಕೋಶ ಸ್ವಚ್ಛ. ಹನ್ನೆರಡನೆಯ ಪಕ್ಕೆಲುಬು ಬೆನ್ನೆಲುಬಿಗೆ ಸೇರುವ ಮೂಲೆಯಲ್ಲಿ ಅಂಗೈ ಇಟ್ಟು ಮೇಲಿಂದ ಮುಷ್ಟಿಯಲ್ಲಿ ಮೆಲ್ಲಗೆ ಗುದ್ದಿದರೂ ನೋವಿಲ್ಲ. ಕಿಬ್ಬೊಟ್ಟೆ ತಟ್ಟಿದಾಗ ಮಂದ ಸದ್ದಿಲ್ಲ, ಮೂತ್ರಕೋಶ ಕೈಗೆ ಸಿಗಲಿಲ್ಲ. ಇದನ್ನು ಚಾರ್ಟಿನಲ್ಲಿ ಬರೆದದ್ದು ಬಹಳ ಒಳ್ಳೆಯದಾಯಿತು. ಮೂತ್ರ ಉತ್ಪತ್ತಿಯಾಗದಿರುವುದು ಬೇರೆ, ಉತ್ಪತ್ತಿಯಾದದ್ದು ಕಟ್ಟಿಕೊಂಡಿರುವುದು ಬೇರೆ. ಐವತ್ತು ದಾಟಿದ ಗಂಡಸಿನಲ್ಲಿ ಪ್ರಾಸ್ಟೇಟ್ ಕಾರಣದ ಎರಡನೆಯ ಸಾಧ್ಯತೆಯನ್ನು ಮೊದಲ ಹತ್ತು ನಿಮಿಷದಲ್ಲೇ ಕೈಯಿಂದ ತಟ್ಟಿ ನೋಡಬೇಕು.

ತೂಕ 58.6 ಕೆ.ಜಿ. ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿನ ಪುಸ್ತಕದಲ್ಲಿ ನಾಲ್ಕು ತಿಂಗಳ ಹಿಂದಿನ ತೂಕ 62 ಕೆ.ಜಿ., ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಸ್ನಾಯುವಿನ ತ್ಯಾಜ್ಯ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ) 1.0 ಮಿ.ಗ್ರಾಂ/ಡಿ.ಲೀ. ಎಂದಿತ್ತು. ಆ ಪುಸ್ತಕ ಸಿಕ್ಕಿದ್ದು ಇಡೀ ಪ್ರಕರಣದ ದೊಡ್ಡ ಆಸ್ತಿ. ಒಂದು ಕಿಲೋ ದಿಢೀರನೆ ಇಳಿದರೆ ಒಂದು ಲೀಟರ್ ನೀರು ಹೋಯಿತೆಂದೇ ಲೆಕ್ಕ. ಇಲ್ಲಿ ಹೋದದ್ದು ಸುಮಾರು 3.4 ಲೀಟರ್.

ಮೊದಲ ಪರೀಕ್ಷೆಗಳು ಹೇಳಿದ್ದು

10.45ಕ್ಕೆ ಬಾಟಲಿ ಕೊಟ್ಟಾಗ 60 ಮಿ.ಲೀ. ಗಾಢ ಮೂತ್ರ ಬಂತು. ಅಳತೆಯ ಜಾಡಿಗೆ ಸುರಿದು, ಸಮತಲದಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಓದಿ ಬರೆದರು. ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ): ಸಾಪೇಕ್ಷ ಸಾಂದ್ರತೆ 1.025, ಪ್ರೋಟೀನ್ 1+, ಸಕ್ಕರೆ 2+, ಕೀಟೋನ್ ತುಸು, ರಕ್ತ ಇಲ್ಲ, ನೈಟ್ರೈಟ್ ಮತ್ತು ಬಿಳಿಕಣ ಇಲ್ಲ.

ಡಿಪ್‌ಸ್ಟಿಕ್ ಅದ್ದಿ ತೆಗೆದ ಕೂಡಲೇ ಎಲ್ಲ ಚೌಕಗಳನ್ನೂ ಒಟ್ಟಿಗೆ ಓದುವ ಅಭ್ಯಾಸ ವಾರ್ಡುಗಳಲ್ಲಿದೆ. ಅದು ತಪ್ಪು. ಪ್ರತಿ ಚೌಕಕ್ಕೂ ತನ್ನದೇ ಸಮಯವಿದೆ. ಹೆಚ್ಚಿನ ಪಟ್ಟಿಗಳಲ್ಲಿ ಸಕ್ಕರೆ 30 ಸೆಕೆಂಡು, ಪ್ರೋಟೀನ್ 60 ಸೆಕೆಂಡು, ಬಿಳಿಕಣ 2 ನಿಮಿಷ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ತಗುಲಿ ಬಣ್ಣ ಕೆಡುತ್ತದೆ. ಬಿಸಿಲಲ್ಲಿ ದುಡಿದವರಲ್ಲಿ ರಕ್ತದ ಚೌಕವನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಬಣ್ಣ ಬಂದು, ಸೂಕ್ಷ್ಮದರ್ಶಕದಲ್ಲಿ ಕೆಂಪುಕಣ ಕಾಣದಿದ್ದರೆ ಸ್ನಾಯು ಕರಗಿ ಬಂದ ಮಯೋಗ್ಲೋಬಿನ್ ಇರಬಹುದು, ಆಗ ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ರಕ್ತಪರೀಕ್ಷೆ ಬೇಕು. ಇವರಲ್ಲಿ ಆ ಚೌಕ ಸ್ವಚ್ಛವಿತ್ತು.

ರಕ್ತದ ವರದಿ: ಯೂರಿಯಾ 98, ಕ್ರಿಯಾಟಿನಿನ್ 1.9 ಮಿ.ಗ್ರಾಂ/ಡಿ.ಲೀ., ಸೋಡಿಯಂ 132, ಪೊಟ್ಯಾಸಿಯಂ 5.6 ಮಿ.ಮೋಲ್/ಲೀ. ಇಲ್ಲಿ ಒಂದು ಎಚ್ಚರಿಕೆ. ವಿದೇಶಿ ಪಠ್ಯಗಳು ಯೂರಿಯಾ ನೈಟ್ರೋಜನ್ ಮತ್ತು ಕ್ರಿಯಾಟಿನಿನ್‌ನ ಅನುಪಾತ 20 ಮೀರಿದರೆ ರಕ್ತದ ಹರಿವಿನ ಕೊರತೆ ಎನ್ನುತ್ತವೆ. ನಮ್ಮ ಲ್ಯಾಬುಗಳು ಹೆಚ್ಚಾಗಿ ಕೊಡುವುದು ಪೂರ್ತಿ ಯೂರಿಯಾ. ಅದು ಯೂರಿಯಾ ನೈಟ್ರೋಜನ್‌ನ 2.14 ಪಟ್ಟು. ಹಾಗಾಗಿ ನಮ್ಮ ವರದಿಗೆ ಗೆರೆ ಸುಮಾರು 40. ಇಲ್ಲಿ 98 ಭಾಗಿಸು 1.9, ಅಂದರೆ ಸುಮಾರು 52. ಸಾಂದ್ರವಾದ ಮೂತ್ರವೂ ಅದನ್ನೇ ಹೇಳುತ್ತಿತ್ತು: ಬೆಳಿಗ್ಗೆ 11ರ ಹೊತ್ತಿಗೆ ನಾಳಗಳಿಗೆ ನೀರು ಹೀರುವ ಶಕ್ತಿ ಇನ್ನೂ ಇತ್ತು.

ವರದಿಯ ಕೆಳಗೆ ಯಂತ್ರವೇ ‘ಇಜಿಎಫ್‌ಆರ್ 40’ (ಕ್ರಿಯಾಟಿನಿನ್‌ನಿಂದ ಸೂತ್ರದ ಮೂಲಕ ಅಂದಾಜಿಸಿದ ಕಿಡ್ನಿಯ ಸೋಸುವ ವೇಗ) ಎಂದು ಮುದ್ರಿಸಿತ್ತು. ಅದನ್ನು ನೋಡಿ ‘ಹಳೆಯ ಕಿಡ್ನಿ ಕಾಯಿಲೆ, 3ನೇ ಹಂತ’ ಎಂದು ಕೇಸ್ ಶೀಟಿನಲ್ಲಿ ಬರೆಯಲಾಯಿತು. ಈ ಸೂತ್ರ ಕ್ರಿಯಾಟಿನಿನ್ ಸ್ಥಿರವಾಗಿರುವವರಿಗಷ್ಟೇ. ಕಿಡ್ನಿ ಇವತ್ತೇ ನಿಂತರೂ ಕ್ರಿಯಾಟಿನಿನ್ ರಕ್ತದಲ್ಲಿ ಕೂಡಿಕೊಳ್ಳಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಸೂತ್ರ ತೋರಿಸುವ ಅಂಕಿ ನಿಜಕ್ಕಿಂತ ಎಷ್ಟೋ ಮೇಲಿರುತ್ತದೆ. ಏರುತ್ತಿರುವ ಕ್ರಿಯಾಟಿನಿನ್‌ನಲ್ಲಿ ಇಜಿಎಫ್‌ಆರ್ ಅನ್ನು ಓದಲೇಬಾರದು, ಅದನ್ನು ನಂಬಿ ಔಷಧದ ಪ್ರಮಾಣ ನಿರ್ಧರಿಸುವುದಂತೂ ಅಪಾಯ.

ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2012ರ ಮಾರ್ಗಸೂಚಿಯಂತೆ 48 ಗಂಟೆಯಲ್ಲಿ ಕ್ರಿಯಾಟಿನಿನ್ 0.3 ಏರಿದರೆ, ಇಲ್ಲವೇ ಏಳು ದಿನದೊಳಗೆ ಮೊದಲಿನ ಒಂದೂವರೆ ಪಟ್ಟಾದರೆ, ಇಲ್ಲವೇ ಆರು ಗಂಟೆ ಮೂತ್ರ ಕೆ.ಜಿ.ಗೆ ಗಂಟೆಗೆ 0.5 ಮಿ.ಲೀ.ಗಿಂತ ಕಡಿಮೆಯಾದರೆ ಅದು ಎಕೆಐ, ಅಂದರೆ ಕಿಡ್ನಿಯ ದಿಢೀರ್ ಕುಸಿತ. ಕ್ರಿಯಾಟಿನಿನ್ ಲೆಕ್ಕದಲ್ಲಿ ಇವರು 1.9 ಪಟ್ಟು, ಒಂದನೇ ಹಂತ. ಮೂತ್ರದ ಲೆಕ್ಕದಲ್ಲಿ ಯಾವ ಹಂತ ಎಂಬುದಕ್ಕೆ ವಾರ್ಡಿನ ಚಾರ್ಟ್ ಉತ್ತರ ಕೊಡಬೇಕಿತ್ತು. 62 ಕೆ.ಜಿ.ಗೆ ಗಂಟೆಗೆ 31 ಮಿ.ಲೀ. ಈ ಒಂದು ಅಂಕಿಯನ್ನು ಚಾರ್ಟಿನ ತಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟರೆ ಯಾವ ಪಾಳಿಯವರೂ ಲೆಕ್ಕ ಹಾಕುತ್ತ ಕೂರಬೇಕಿಲ್ಲ. ಇಲ್ಲಿ ಬರೆದಿರಲಿಲ್ಲ.

ಟೆಲ್ಮಿಸಾರ್ಟನ್, ಥಯಜೈಡ್, ಮೆಟ್‌ಫಾರ್ಮಿನ್, ಡೈಕ್ಲೋಫೆನಾಕ್ ನಾಲ್ಕನ್ನೂ ನಿಲ್ಲಿಸಿದರು. ರಿಂಗರ್ ಲ್ಯಾಕ್ಟೇಟ್ 500 ಮಿ.ಲೀ. ಬಾಟಲಿಗಳು ಮೂರು, ಪ್ರತಿಯೊಂದಾದ ಮೇಲೂ ಬಿಪಿ, ನಾಡಿ, ಶ್ವಾಸಕೋಶ ನೋಡುತ್ತ, 12.30ರೊಳಗೆ ಮುಗಿದವು. ಆಮೇಲೆ ಗಂಟೆಗೆ 150 ಮಿ.ಲೀ., ಜೊತೆಗೆ ಓಆರ್‌ಎಸ್. ಪೊಟ್ಯಾಸಿಯಂ ಹೆಚ್ಚಿರುವಾಗ ರಿಂಗರ್ ಲ್ಯಾಕ್ಟೇಟ್ ಕೊಡಬಾರದೆಂಬ ಮಾತು ಈಗಲೂ ಕೇಳಿಬರುತ್ತದೆ. ಅದರಲ್ಲಿರುವುದು ಲೀಟರಿಗೆ 4 ಮಿ.ಮೋಲ್, ರೋಗಿಯ ರಕ್ತದಲ್ಲಿರುವುದಕ್ಕಿಂತ ಕಡಿಮೆ. ನಾರ್ಮಲ್ ಸಲೈನ್ ಹೆಚ್ಚಾದರೆ ರಕ್ತದ ಆಮ್ಲೀಯತೆ ಏರಿ ಪೊಟ್ಯಾಸಿಯಂ ಇನ್ನಷ್ಟು ಹೊರಬರಬಹುದು.

ಮಧ್ಯಾಹ್ನ 2ರಿಂದ ರಾತ್ರಿ 8

ಮಧ್ಯಾಹ್ನ ಪಾಳಿ ಬದಲಾಗುವಾಗ ಬಿಪಿ 118/74, ನಾಡಿ 92. ರೋಗಿ ಮಾತಾಡುತ್ತಿದ್ದರು. ‘ವೈಟಲ್ಸ್ ಸ್ಟೇಬಲ್’ ಎಂದು ಹಸ್ತಾಂತರವಾಯಿತು. ಸಂಜೆ ಪಾಳಿಯ ಚಾರ್ಟಿನ ಔಟ್‌ಪುಟ್ ಕಾಲಮಿನಲ್ಲಿ ಎರಡು ಕಡೆ ‘ಯೂರಿನ್ ಪಾಸ್ಡ್ ++’ ಎಂದಿದೆ. ಮಿ.ಲೀ. ಇಲ್ಲ, ಬಣ್ಣವಿಲ್ಲ, ಸಮಯವೂ ಅಂದಾಜು.

ಆಗಿದ್ದು ಇಷ್ಟು: ಮೂತ್ರದ ಬಾಟಲಿಯನ್ನು ಪಕ್ಕದ ಹಾಸಿಗೆಯವರಿಗೆ ಕೊಟ್ಟಿದ್ದರು. ಮಗ ತಂದೆಯನ್ನು ಎರಡು ಸಲ ಶೌಚಾಲಯಕ್ಕೆ ನಡೆಸಿಕೊಂಡು ಹೋಗಿದ್ದ. ‘ಹೋಗಿ ಬಂದ್ರೇನು?’ ಎಂದು ಕೇಳಿದಾಗ ‘ಹೂನ್ರಿ’ ಎಂದ. ರಾತ್ರಿ ಪಾಳಿಯವರು 8 ಗಂಟೆಗೆ ಲೆಕ್ಕ ಕೂಡಿಸಿದಾಗ ಒಳಹೋದದ್ದು ಸುಮಾರು 4 ಲೀಟರ್, ಹೊರಬಂದದ್ದು ಅಳತೆಯಲ್ಲಿ 60 ಮಿ.ಲೀ. ಮಾತ್ರ. ಅವರು ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದರು: ‘ಅಕ್ಕಾ, ಎರಡಕ್ಕ ಹೋಗಿದ್ರೋ, ಒಂದಕ್ಕ ಹೋಗಿದ್ರೋ?’ ಎರಡು ಸಲವೂ ನೀರುಭೇದಿ, ಮೂತ್ರ ಆಗಿರಲಿಲ್ಲ.

ಈ ಆರು ಗಂಟೆಗಳೇ ಈ ಪ್ರಕರಣದ ತಿರುಳು. ಬಿಪಿ ಸರಿಹೋಗಿ, ಮೈಗೆ ನೀರು ಸೇರಿ, ಆದರೂ ಮೂತ್ರ ಬರದಿದ್ದರೆ ಅದರ ಅರ್ಥ ಬೆಳಗಿನದಲ್ಲ. ಹರಿವಿನ ಕೊರತೆಯಷ್ಟೇ ಆಗಿದ್ದರೆ ಎರಡು ಮೂರು ಲೀಟರ್ ಸೇರಿದ ಮೇಲೆ ಮೂತ್ರ ಹರಿಯಬೇಕಿತ್ತು. ಹರಿಯಲಿಲ್ಲವೆಂದರೆ ನಾಳಗಳ ಜೀವಕೋಶಗಳಿಗೇ ಪೆಟ್ಟು ಬಿದ್ದಿರಬಹುದು. ಸಂಜೆ 4ಕ್ಕೆ ಒಂದು ಅಳತೆ ಇದ್ದಿದ್ದರೆ ಈ ತಿರುವು ಆಗಲೇ ಕಾಣುತ್ತಿತ್ತು. ನಾಳಗಳ ಹಾನಿ ತಪ್ಪುತ್ತಿತ್ತೆಂದು ಹೇಳಲಾಗದು. ಆದರೆ ಗಂಟೆಗೆ 150 ಮಿ.ಲೀ. ಡ್ರಿಪ್ ಅಷ್ಟು ಹೊತ್ತು ಓಡುತ್ತಿರಲಿಲ್ಲ, ಪೊಟ್ಯಾಸಿಯಂ ಮರುಪರೀಕ್ಷೆ ರಾತ್ರಿಯವರೆಗೆ ಕಾಯುತ್ತಿರಲಿಲ್ಲ. ‘ಪಾಸ್ಡ್ ++’ ಎಂಬ ಬರಹ ಖಾಲಿ ಜಾಗಕ್ಕಿಂತ ಕೆಟ್ಟದ್ದು. ಖಾಲಿ ಬಿಟ್ಟಿದ್ದರೆ ಯಾರಾದರೂ ಕೇಳುತ್ತಿದ್ದರು.

ಮೂತ್ರದ ಲೆಕ್ಕ ಬೇಕಾದ ರೋಗಿಗೆ ಸ್ವಂತ ಬಾಟಲಿ, ಹಾಸಿಗೆ ಸಂಖ್ಯೆ ಬರೆದ ಅಳತೆ ಜಾಡಿ, ಭೇದಿ ಇದ್ದರೆ ಬೆಡ್‌ಪ್ಯಾನ್ ಕೊಡಬೇಕು. ಜೊತೆಗಿರುವವರಿಗೆ ‘ಶೌಚಾಲಯದಲ್ಲಿ ಚೆಲ್ಲಬೇಡಿ, ನಮಗೆ ತೋರಿಸಿ’ ಎಂದು ಕಾರಣ ಸಮೇತ ಹೇಳಬೇಕು. ಮನೆಯವರು ಇದನ್ನು ಚೆನ್ನಾಗಿ ಮಾಡುತ್ತಾರೆ, ಹೇಳುವವರು ಬೇಕು ಅಷ್ಟೆ. ಮೊದಲ ದಿನ ಬೆಳಿಗ್ಗೆಯೇ ಕ್ಯಾತಿಟರ್ (ಮೂತ್ರಕೋಶಕ್ಕೆ ಇಳಿಸುವ ಕೊಳವೆ) ಹಾಕಬೇಕಿತ್ತು ಎಂದು ಕೆಲವರು ವಾದಿಸುತ್ತಾರೆ. ನಮ್ಮ ಅಭಿಪ್ರಾಯ ಹಾಗಿಲ್ಲ. ಪ್ರಜ್ಞೆಯಿರುವ, ಬಾಟಲಿಗೆ ಮಾಡಬಲ್ಲ ಮಧುಮೇಹಿಗೆ ಕ್ಯಾತಿಟರ್ ಎಂದರೆ ಸೋಂಕಿನ ದಾರಿ. ರಾತ್ರಿ 8ರ ಪರಿಸ್ಥಿತಿ ಬೇರೆ. ಆಗ ಗಂಟೆಗಂಟೆಯ ಅಳತೆಯೂ, ಅಡಚಣೆ ಇಲ್ಲವೆಂಬ ಖಾತ್ರಿಯೂ ಬೇಕಾಗಿದ್ದವು.

ಕ್ಯಾತಿಟರ್ ಮತ್ತು ಗಂಟೆಯ ಲೆಕ್ಕ

8.40ಕ್ಕೆ 16 ಫ್ರೆಂಚ್ ಅಳತೆಯ ಫೋಲಿ ಕ್ಯಾತಿಟರ್ ಹಾಕಿದರು. ಗಂಡಸರಲ್ಲಿ ಲಿಗ್ನೋಕೇನ್ ಜೆಲ್ 10 ಮಿ.ಲೀ. ಮೂತ್ರನಾಳದೊಳಗೆ ಬಿಟ್ಟು ಮೂರರಿಂದ ಐದು ನಿಮಿಷ ಕಾಯಬೇಕು. ಈ ಕಾಯುವಿಕೆಯನ್ನು ಬಿಟ್ಟರೆ ನೋವಿನಿಂದ ಸ್ನಾಯು ಬಿಗಿಯಾಗಿ ತೂರಿಸಲು ಒತ್ತಡ ಹಾಕುವಂತಾಗುತ್ತದೆ. ಮೂತ್ರ ಕಂಡ ಕೂಡಲೇ ಬಲೂನು ಉಬ್ಬಿಸಬಾರದು. ಕವಲೊಡೆಯುವ ತುದಿಯವರೆಗೆ ಪೂರ್ತಿ ಒಳಗೆ ಕಳಿಸಿ, ಆಮೇಲೆ 10 ಮಿ.ಲೀ. ಸ್ಟೆರೈಲ್ ವಾಟರ್. ಸಲೈನ್ ಹಾಕಿದರೆ ಹರಳುಗಟ್ಟಿ, ತೆಗೆಯುವಾಗ ಬಲೂನು ಇಳಿಯದೆ ಹೋಗಬಹುದು. ಮುಂದೊಗಲನ್ನು ಮರಳಿ ಮುಂದಕ್ಕೆ ತಂದದ್ದನ್ನು ಎರಡು ಸಲ ನೋಡಿ, ಮರೆತರೆ ಬಾವು ಬಂದು ಸಿಕ್ಕಿಹಾಕಿಕೊಳ್ಳುತ್ತದೆ.

ಒಳಗಿದ್ದದ್ದು 70 ಮಿ.ಲೀ., ಕಂದು ಬಣ್ಣ. ಮೂತ್ರ ಕಟ್ಟಿಕೊಂಡಿರಲಿಲ್ಲ ಎಂಬುದು ಖಚಿತವಾಯಿತು. ಮುಂದೆ ಅಳತೆ ಗೆರೆಗಳಿರುವ ಯೂರೋಮೀಟರ್ ಬ್ಯಾಗಿನಲ್ಲಿ 9ರಿಂದ ಗಂಟೆಗಂಟೆಗೆ: 18, 16, 15, 14, 14, 13. ಆರು ಗಂಟೆಗೆ 90 ಮಿ.ಲೀ. ಬೇಕಿದ್ದದ್ದು 186. ಮುಂದಿನ ಆರು ಗಂಟೆಯೂ ಹಾಗೇ, 80. ಹನ್ನೆರಡು ಗಂಟೆಗೆ 170 ಎಂದರೆ ಕೆ.ಜಿ.ಗೆ ಗಂಟೆಗೆ 0.23 ಮಿ.ಲೀ., ಎರಡನೇ ಹಂತ.

ಮೂತ್ರ ಕಡಿಮೆ ಕಂಡಾಗ ವೈದ್ಯರಿಗೆ ಫೋನ್ ಮಾಡುವ ಮುನ್ನ ಕೊಳವೆಯನ್ನು ನೋಡಬೇಕು. ತೊಡೆಯ ಕೆಳಗೆ ಮಡಚಿದೆಯೇ? ಬ್ಯಾಗ್ ಮೂತ್ರಕೋಶಕ್ಕಿಂತ ಮೇಲಿದೆಯೇ? ಕೊಳವೆ ಜೋತು ಬಿದ್ದು ಕೊಂಡಿಯಾಗಿ ಅಲ್ಲೇ ನಿಂತಿದೆಯೇ? ಕಿಬ್ಬೊಟ್ಟೆ ತಟ್ಟಿದರೆ ಮಂದ ಸದ್ದಿದೆಯೇ? ಅನುಮಾನವಿದ್ದರೆ ವೈದ್ಯರ ಸೂಚನೆಯಂತೆ 30ರಿಂದ 50 ಮಿ.ಲೀ. ಸ್ಟೆರೈಲ್ ಸಲೈನಿನಲ್ಲಿ ಮೆಲ್ಲಗೆ ತೊಳೆದು ನೋಡುವುದು. ರಾತ್ರಿ ಪಾಳಿಯವರು ಇದನ್ನೆಲ್ಲ ಮಾಡಿದ ಮೇಲೆಯೇ ಕರೆ ಮಾಡಿದರು. ‘62 ಕೆ.ಜಿ. ರೋಗಿ, 4 ಲೀಟರ್ ಹೋಗಿದೆ, ಕ್ಯಾತಿಟರ್ ತೆರೆದಿದೆ, ಮೂತ್ರಕೋಶ ಖಾಲಿ, ಗಂಟೆಗೆ 18 ಮಿ.ಲೀ. ಬರ್ತಿದೆ ಸರ್’ ಎಂದು ವರದಿ ಕೊಟ್ಟರೆ ಆ ಕಡೆಯವರು ಎದ್ದು ಬರುತ್ತಾರೆ. ರಾತ್ರಿ 10ಕ್ಕೆ ಡ್ರಿಪ್ಪನ್ನು ಗಂಟೆಗೆ 50 ಮಿ.ಲೀ.ಗೆ ಇಳಿಸಿದರು.

7.1 ಎಂದ ಪೊಟ್ಯಾಸಿಯಂ

10ಕ್ಕೆ ಕಳಿಸಿದ ರಕ್ತದ ವರದಿ 11.15ಕ್ಕೆ ಬಂತು: ಪೊಟ್ಯಾಸಿಯಂ 7.1. ಅದೇ ಹಾಳೆಯಲ್ಲಿ ಕ್ಯಾಲ್ಸಿಯಂ 5.8, ಬೆಳಿಗ್ಗೆ ಅದು 8.8 ಇತ್ತು. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕೂಡ ನೆಲ ಕಚ್ಚಿತ್ತು. ಪೊಟ್ಯಾಸಿಯಂ ಮೇಲೆ, ಕ್ಯಾಲ್ಸಿಯಂ ಕೆಳಗೆ, ಜೊತೆಗೆ ಆಲ್ಕಲೈನ್ ಫಾಸ್ಫಟೇಸ್ ಕೆಳಗೆ: ಈ ಮೂರೂ ಒಟ್ಟಿಗೆ ಕಂಡರೆ ಮೊದಲು ನೆನಪಾಗಬೇಕಾದ್ದು ನೇರಳೆ ಮುಚ್ಚಳದ ಟ್ಯೂಬು. ಅದರಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈಡಿಟಿಎ ಒಂದು ಪೊಟ್ಯಾಸಿಯಂ ಲವಣ. ಅದು ಪೊಟ್ಯಾಸಿಯಂ ಸೇರಿಸುತ್ತದೆ, ಕ್ಯಾಲ್ಸಿಯಂ ಹಿಡಿದಿಡುತ್ತದೆ. ಸಿರಿಂಜಿನ ರಕ್ತವನ್ನು ಮೊದಲು ನೇರಳೆ ಟ್ಯೂಬಿಗೆ ಹಾಕಿ, ಹೆಚ್ಚಾದದ್ದನ್ನು ಅದರಿಂದಲೇ ಹಳದಿ ಮುಚ್ಚಳದ್ದಕ್ಕೆ ಸುರಿದಿದ್ದರು. ಸರಿಯಾದ ಸರದಿ: ಬ್ಲಡ್ ಕಲ್ಚರ್, ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಬೂದು. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸುರಿಯುವುದು ಯಾವತ್ತೂ ಇಲ್ಲ.

ತಪ್ಪು ವರದಿ ಇರಬಹುದೆಂದು ಕೈಕಟ್ಟಿ ಕೂರುವುದೂ ಸಲ್ಲದು, ಮೂತ್ರ ನಿಂತ ರೋಗಿಯಲ್ಲಿ ಪೊಟ್ಯಾಸಿಯಂ ನಿಜವಾಗಿಯೂ ಏರುತ್ತಿರುತ್ತದೆ. ಐದು ನಿಮಿಷದಲ್ಲಿ ಇಸಿಜಿ ತೆಗೆದರು. ವಿ2ರಿಂದ ವಿ4ರಲ್ಲಿ ಟಿ ಅಲೆ ಕಿರಿದಾಗಿ ಚೂಪಾಗಿತ್ತು, ಪಿ ಅಲೆ ಇತ್ತು, ಕ್ಯೂಆರ್‌ಎಸ್ ಅಗಲವಾಗಿರಲಿಲ್ಲ. ಡ್ರಿಪ್ ಇಲ್ಲದ ಕೈಯಿಂದ, ಪಟ್ಟಿ ಒಂದು ನಿಮಿಷ ಮೀರದಂತೆ ಕಟ್ಟಿ, ಮುಷ್ಟಿ ಬಿಚ್ಚಿ ಬಿಚ್ಚಿ ಮಡಿಸಲು ಹೇಳದೆ ಎರಡನೆಯ ರಕ್ತ ತೆಗೆದರು. ಸಿರಿಂಜಿನಿಂದ ಟ್ಯೂಬಿಗೆ ಒತ್ತಿ ಚಿಮ್ಮಿಸಿದರೆ ಕೆಂಪುಕಣ ಒಡೆದು ಪೊಟ್ಯಾಸಿಯಂ ಮತ್ತೆ ಸುಳ್ಳಾಗಿ ಏರುತ್ತದೆ. ಈ ಸಲ 6.2, ಕ್ಯಾಲ್ಸಿಯಂ 8.6. ಸುಳ್ಳಿನ ಹಿಂದೆ ನಿಜವೂ ಇತ್ತು.

ಎರಡನೆಯ ವರದಿಗೆ ಕಾಯದೆ, ಇಸಿಜಿ ಕಂಡ ಕೂಡಲೇ ಮಾನಿಟರ್ ಹಚ್ಚಿ 10% ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರು. ಇದು ಪೊಟ್ಯಾಸಿಯಂ ಇಳಿಸದು, ಹೃದಯವನ್ನು ಕಾಯುತ್ತದೆ. ಸೋಡಾಬೈಕಾರ್ಬ್ ಓಡುವ ನಾಳದಲ್ಲಿ ಕೊಟ್ಟರೆ ಸುಣ್ಣದಂತೆ ಗಟ್ಟಿಯಾಗುತ್ತದೆ, ಎಚ್ಚರ. ನಂತರ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್. ಸಾಮಾನ್ಯವಾಗಿ ಜೊತೆಗೆ 25 ಗ್ರಾಂ ಡೆಕ್ಸ್‌ಟ್ರೋಸ್, ಅಂದರೆ 25%ದ 100 ಮಿ.ಲೀ., ಕೊಡುತ್ತಾರೆ. ಇವರ ಬೆರಳ ಶುಗರ್ 268 ಇದ್ದುದರಿಂದ ವೈದ್ಯರು ಅದನ್ನು ಬಿಟ್ಟರು. ಸಾಲ್ಬುಟಮಾಲ್ ನೆಬ್ಯುಲೈಸೇಷನ್ 10 ಮಿ.ಗ್ರಾಂ, 2.5 ಮಿ.ಗ್ರಾಂ ರೆಸ್ಪ್ಯೂಲ್‌ಗಳಾದರೆ ನಾಲ್ಕು. ಉಬ್ಬಸಕ್ಕೆ ಕೊಡುವ ಒಂದೇ ರೆಸ್ಪ್ಯೂಲ್ ಇಲ್ಲಿ ಸಾಲದು. ಆಮೇಲೆ ಆರು ಗಂಟೆ, ಗಂಟೆಗೊಮ್ಮೆ ಶುಗರ್. ಕುಸಿದ ಕಿಡ್ನಿ ಇನ್ಸುಲಿನ್ ಅನ್ನು ಬೇಗ ಹೊರಹಾಕದು, ಬೆಳಗಿನ ಜಾವ ಶುಗರ್ ಇಳಿಯುವುದು ಇದರಿಂದಲೇ. 3ಕ್ಕೆ 94ಕ್ಕೆ ಬಂದಿತ್ತು, ಆಗ ಡೆಕ್ಸ್‌ಟ್ರೋಸ್ ಬೇಕಾಯಿತು. ಬೆಳಿಗ್ಗೆ 6ಕ್ಕೆ ಪೊಟ್ಯಾಸಿಯಂ 5.3.

ಓಆರ್‌ಎಸ್ ಅನ್ನು ರಾತ್ರಿಯೇ ನಿಲ್ಲಿಸಿದ್ದರು. ಲೀಟರಿಗೆ 20 ಮಿ.ಮೋಲ್ ಪೊಟ್ಯಾಸಿಯಂ ಇರುವ ದ್ರಾವಣವದು, ಭೇದಿಗೆ ಸರಿ, ಮೂತ್ರ ನಿಂತವರಿಗಲ್ಲ. ಬೆಳಿಗ್ಗೆ ನೆಂಟರು ಎಳನೀರು ತಂದರು. ಸುಸ್ತಾದವರಿಗೆ ಎಳನೀರು ತರುವುದು ನಮ್ಮಲ್ಲಿ ಪ್ರೀತಿಯ ರೂಢಿ. ಅದರಲ್ಲಿ ಪೊಟ್ಯಾಸಿಯಂ ಇನ್ನೂ ಹೆಚ್ಚು. ‘ಇದು ಈಗ ಬ್ಯಾಡ್ರಿ, ಇವರ ಹೃದಯಕ್ಕ ತ್ರಾಸ ಆಗ್ತದ’ ಎಂದು ಬಿಡಿಸಿ ಹೇಳಿ, ಹಾಸಿಗೆಯ ಬಳಿಯ ಫಲಕದಲ್ಲೂ ಬರೆದರು.

ಎರಡನೆಯ ದಿನದ ಮೂತ್ರ

ಬೆಳಿಗ್ಗೆ ಕ್ರಿಯಾಟಿನಿನ್ 3.4, ಯೂರಿಯಾ 130, ಸೋಡಿಯಂ 134. ಈಗ ಮೂರನೇ ಹಂತ. ಮೂತ್ರ ಈ ಸುದ್ದಿಯನ್ನು ಹಿಂದಿನ ರಾತ್ರಿಯೇ ಕೊಟ್ಟಿತ್ತು.

ಮೂತ್ರದ ಮಾದರಿಯನ್ನು ಬ್ಯಾಗಿನ ಕೆಳ ನಲ್ಲಿಯಿಂದ ತೆಗೆಯಬಾರದು. ಅಲ್ಲಿರುವುದು ಗಂಟೆಗಟ್ಟಲೆ ನಿಂತ ಮೂತ್ರ, ಬ್ಯಾಕ್ಟೀರಿಯಾ ಬೆಳೆದಿರುತ್ತದೆ, ಜೀವಕೋಶ ಒಡೆದಿರುತ್ತದೆ. ಮಾದರಿ ಪೋರ್ಟಿನ ಕೆಳಗೆ ಕೊಳವೆಗೆ ಕ್ಲ್ಯಾಂಪ್ ಹಾಕಿ 15ರಿಂದ 30 ನಿಮಿಷ ಬಿಟ್ಟು, ಪೋರ್ಟನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಟ್ಟು, ಸ್ಟೆರೈಲ್ ಸಿರಿಂಜಿನಲ್ಲಿ 10 ಮಿ.ಲೀ. ತೆಗೆದು, ಕ್ಲ್ಯಾಂಪ್ ಬಿಚ್ಚಬೇಕು. ಬಿಚ್ಚಲು ಮರೆತರೆ ಮುಂದಿನ ಗಂಟೆ ‘ಮೂತ್ರ ಸೊನ್ನೆ’ ಎಂದು ಗಾಬರಿಯಾಗುತ್ತದೆ. ಸೂಕ್ಷ್ಮದರ್ಶಕಕ್ಕೆ ಹೋಗುವ ಮಾದರಿ ಎರಡು ಗಂಟೆಯೊಳಗೆ ಮುಟ್ಟಬೇಕು, ತಡವಾದರೆ ಕಾಸ್ಟ್‌ಗಳು (ಕಿಡ್ನಿಯ ನಾಳಗಳೊಳಗೆ ಅಚ್ಚಾಗಿ ಬಂದ ಕೊಳವೆಯಾಕಾರದ ಕಣಗಳು) ಕರಗುತ್ತವೆ. ಬೇಸಿಗೆಯಲ್ಲಿ ಕಿಟಕಿ ಕಟ್ಟೆಯ ಮೇಲಿಟ್ಟ ಮಾದರಿಯಿಂದ ಏನೂ ಸಿಗದು.

ಸಾಂದ್ರತೆ 1.010ಕ್ಕೆ ಇಳಿದಿತ್ತು. ಕೆಸರುಗಂದು ಬಣ್ಣದ ಕಾಳುಕಾಳಾದ ಕಾಸ್ಟ್‌ಗಳು ಕಂಡವು. ಮೂತ್ರದ ಸೋಡಿಯಂ 58, ಕ್ರಿಯಾಟಿನಿನ್ 45, ಯೂರಿಯಾ 900. ಸೋಡಿಯಂ ಹೊರಹೋಗುವ ಶೇಕಡಾ ಪ್ರಮಾಣಕ್ಕೆ ಮೂತ್ರದ ಸೋಡಿಯಂ ಅನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ, ರಕ್ತದ ಸೋಡಿಯಂ ಮತ್ತು ಮೂತ್ರದ ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಿ ನೂರರಿಂದ ಗುಣಿಸಬೇಕು: 58×3.4 ಭಾಗಿಸು 134×45, ಶೇ 3.3. ಶೇ 1ರೊಳಗಿದ್ದರೆ ಹರಿವಿನ ಕೊರತೆ, 2 ಮೀರಿದರೆ ನಾಳಗಳ ಹಾನಿ. ಆದರೆ ಇವರು ಹಿಂದಿನ ಬೆಳಿಗ್ಗೆ ಥಯಜೈಡ್ ನುಂಗಿದ್ದರು, ಅದು ಸೋಡಿಯಂ ಅನ್ನು ಸುಮ್ಮನೆ ಹೊರದೂಡುತ್ತದೆ. ಅದಕ್ಕೇ ಯೂರಿಯಾದಲ್ಲೂ ಅದೇ ಲೆಕ್ಕ ಹಾಕಿದರು: 900×3.4 ಭಾಗಿಸು 130×45, ಶೇ 52. ಇಲ್ಲಿ ಗೆರೆ 35. ಎರಡೂ ಒಂದೇ ಕಡೆ ಬೆರಳು ತೋರಿದವು. ಸ್ಕ್ಯಾನಿಂಗಿನಲ್ಲಿ ಕಿಡ್ನಿಗಳು 10.2 ಮತ್ತು 10.4 ಸೆಂ.ಮೀ., ಒಳಗೆ ನೀರು ತುಂಬಿಲ್ಲ. ಮಧುಮೇಹದಲ್ಲಿ ಹಳೆಯ ಕಾಯಿಲೆ ಇದ್ದರೂ ಗಾತ್ರ ಉಳಿದಿರಬಹುದು. ಆದರೂ ನಾಲ್ಕು ತಿಂಗಳ ಹಿಂದಿನ 1.0 ಎಂಬ ಅಂಕಿ ಜೊತೆಗಿದ್ದುದರಿಂದ ‘ಹಳೆಯ ಕಿಡ್ನಿ ಕಾಯಿಲೆ’ ಎಂಬ ಬರಹವನ್ನು ಹೊಡೆದುಹಾಕಿದರು.

ತೂಕ 62.6 ಕೆ.ಜಿ., ಒಂದೇ ದಿನದಲ್ಲಿ 4 ಕಿಲೋ ಏರಿಕೆ. ಒಳಹೋದದ್ದು 5,400 ಮಿ.ಲೀ., ಮೂತ್ರ 300, ಭೇದಿ ಸುಮಾರು 400, ಬೆವರು ಉಸಿರಿನಲ್ಲಿ ಅಂದಾಜು 700. ಚಾರ್ಟ್ ಮತ್ತು ತಕ್ಕಡಿ ಒಂದನ್ನೊಂದು ಒಪ್ಪಿದವು. ಶ್ವಾಸಕೋಶದ ತಳದಲ್ಲಿ ಸಣ್ಣ ಚರಪರ ಸದ್ದು ಶುರುವಾಗಿತ್ತು. ಇನ್ನು ದ್ರವ ಕೊಡುವುದೆಂದರೆ ಮುಳುಗಿಸುವುದೇ. ಹಿಂದಿನ ದಿನದ ಮೂತ್ರ ಮತ್ತು ಭೇದಿಯ ಜೊತೆಗೆ 500 ಮಿ.ಲೀ., ಸೆಕೆ ಇರುವುದರಿಂದ ಇನ್ನೊಂದು 200, ಇಷ್ಟಕ್ಕೇ ಮಿತಿ ಹಾಕಿದರು. ಮೂತ್ರ ಬರಿಸಲು ಇನ್ನೊಂದು ಬಾಟಲಿ ಏರಿಸಿ ಎಂದು ಮನೆಯವರು ಒತ್ತಾಯಿಸಿದಾಗ ತಕ್ಕಡಿಯ ಅಂಕಿ ತೋರಿಸಿ ಹೇಳಿದ್ದು ಕೆಲಸ ಮಾಡಿತು.

ಮುಂದಿನ ದಿನಗಳು

ಔಷಧಿಗೆ ಬಗ್ಗದ ಪೊಟ್ಯಾಸಿಯಂ, ತೀವ್ರ ಆಮ್ಲೀಯತೆ, ಉಸಿರುಗಟ್ಟಿಸುವ ನೀರು, ಯೂರಿಯಾದಿಂದ ಮಂಪರು: ಡಯಾಲಿಸಿಸ್‌ಗೆ ಕಾರಣವಾಗುವ ಇವು ಯಾವುವೂ ಬರಲಿಲ್ಲ. ಕ್ರಿಯಾಟಿನಿನ್ ನಾಲ್ಕನೆಯ ದಿನ 5.1ಕ್ಕೆ ಏರಿ ನಿಂತಿತು. ಐದನೆಯ ದಿನ ಮೂತ್ರ 900 ಮಿ.ಲೀ. ಕ್ರಿಯಾಟಿನಿನ್ ಇಳಿಯುವ ಮೊದಲೇ ಮೂತ್ರ ಏರಿತು. ಆರನೆಯ ದಿನ ಕ್ಯಾತಿಟರ್ ತೆಗೆದು ಸ್ವಂತ ಬಾಟಲಿ ಕೊಟ್ಟರು, ಈ ಸಲ ಹಾಸಿಗೆ ಸಂಖ್ಯೆ ಬರೆದು. ಏಳನೆಯ ದಿನ 3.2 ಲೀಟರ್ ಹೋಯಿತು. ಚೇತರಿಸುವ ನಾಳಗಳು ಮೊದಲು ನೀರನ್ನು ಹಿಡಿದಿಡಲಾರವು. ಆಗ ಪೊಟ್ಯಾಸಿಯಂ 3.3ಕ್ಕೆ ಇಳಿಯಿತು. ಇಷ್ಟು ದಿನ ಬೇಡ ಎಂದ ಎಳನೀರನ್ನು ವೈದ್ಯರು ಈಗ ಕುಡಿಯಬಹುದೆಂದರು, ಮನೆಯವರಿಗೆ ಗೊಂದಲವಾಗದಂತೆ ಕಾರಣ ಹೇಳಬೇಕಾಯಿತು. ಹನ್ನೊಂದನೆಯ ದಿನ ಕ್ರಿಯಾಟಿನಿನ್ 1.8ರೊಂದಿಗೆ ಬಿಡುಗಡೆ.

ಕ್ಲಿನಿಕ್ಕಿನ ಪುಸ್ತಕದ ಮೊದಲ ಪುಟದಲ್ಲೇ ಕನ್ನಡದಲ್ಲಿ ಬರೆದುಕೊಟ್ಟದ್ದು: ‘ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆಯಾಗಲಿ ಸೂಜಿಯಾಗಲಿ ಬೇಡ. ನೋವಿಗೆ ಪ್ಯಾರಾಸಿಟಮಾಲ್. ವಾಂತಿ, ಭೇದಿ, ಜ್ವರ ಬಂದು ಊಟ ನೀರು ಸೇರದಿದ್ದರೆ ಬಿಪಿ ಗುಳಿಗೆ ಮತ್ತು ಮೆಟ್‌ಫಾರ್ಮಿನ್ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಬನ್ನಿ.’ ಓದಲು ಬಾರದ ರೋಗಿಗೆ ಮಗನಿಂದ ಓದಿಸಿ, ರೋಗಿಯಿಂದಲೇ ತಿರುಗಿ ಹೇಳಿಸಿದರು.

ಮೂರು ತಿಂಗಳಿಗೆ ಕ್ರಿಯಾಟಿನಿನ್ 1.3ರಲ್ಲಿ ನಿಂತಿತ್ತು. ಈಗ ಅಂಕಿ ಸ್ಥಿರ, ಹಾಗಾಗಿ ಇಜಿಎಫ್‌ಆರ್ 64 ಎಂಬುದನ್ನು ನಂಬಬಹುದು. ಮೊದಲಿನ 87ಕ್ಕೆ ಮರಳಿಲ್ಲ. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ಗ್ರಾಂಗೆ 140 ಮಿ.ಗ್ರಾಂ, 30ರೊಳಗಿರಬೇಕಿತ್ತು. ಈ ಪರೀಕ್ಷೆಯನ್ನು ಜ್ವರ, ಸೋಂಕು ಇರುವಾಗ ಮಾಡಿಸಿದರೆ ಸುಳ್ಳಾಗಿ ಏರುತ್ತದೆ, ಅದಕ್ಕೇ ಆಸ್ಪತ್ರೆಯಲ್ಲಿದ್ದಾಗ ಮಾಡಿಸಿರಲಿಲ್ಲ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ ಎರಡರಲ್ಲಾದರೂ ಹೆಚ್ಚಿದ್ದರೆ ಅದನ್ನು ನಿಜವೆಂದು ಒಪ್ಪುತ್ತಾರೆ, ಇನ್ನೆರಡು ಮಾದರಿಗೆ ದಿನ ಕೊಟ್ಟಿದೆ. ಟೆಲ್ಮಿಸಾರ್ಟನ್ ಮಾತ್ರ, ಥಯಜೈಡ್ ಇಲ್ಲದೆ, 20 ಮಿ.ಗ್ರಾಂನಿಂದ ಮರುಶುರುವಾಗಿದೆ, ಎರಡು ವಾರದೊಳಗೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಮತ್ತೆ ನೋಡಬೇಕು, ಕ್ರಿಯಾಟಿನಿನ್ ಶೇ 30ಕ್ಕಿಂತ ಹೆಚ್ಚು ಏರಿದರೆ ವೈದ್ಯರಿಗೆ ತಿಳಿಸಬೇಕು ಎಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿದೆ.